ಹಾರ್ನ್ ಬಟನ್ ಕೆಳಗಿನ ಬಿಳಿ ಪಟ್ಟಿ

ಬೀದರದಾಗ ಗಾಡಿಗಳ ವೈರಿಂಗ್ ಮಾಡೂದೇ ನನ್ನ ಹೊಟ್ಟಿಪಾಡು. ಆದ್ರ ಭಾಲ್ಕಿ ಮನ್ಯಾಗ ಅಪ್ಪನ ಕಾರಿನ ಹಾರ್ನ್ ಅವ್ವನ ಕಡೀ ದಿನಗಳಿಂದ ಸತ್ತು ಬಿದ್ದಿತ್ತು, ಅಪ್ಪ ಮುಟ್ಟಾಕ ಬಿಟ್ಟಿರಲಿಲ್ಲ. ಎರಡೇ ಸೀಟಿನ ಹಳೀ ಕೆಂಪು ಸ್ಪೋರ್ಟ್ಸ್ ಕಾರು ಅದು. ಅಪ್ಪ ಕಂಪೌಂಡರ್ ಆಗಿದ್ದ ದವಾಖಾನಿಯ ಪರದೇಶಿ ಡಾಕ್ಟರು ತಮ್ಮೂರಿಗೆ ಹೊಂಟಾಗ ಕೊಟ್ಟುಹೋಗಿದ್ದು. ಈಗ ಅದರ ಆರ್‌ಟಿಒ ತಪಾಸಣಿ ಬಂದಿತ್ತು. ಹಾರ್ನ್ ಇಲ್ಲದಿದ್ರ ಪಾಸಾಗೂದಿಲ್ಲ, ಪಾಸಾಗದಿದ್ರ ಗುಜರಿಗೆ. ಅಪ್ಪ ಒಲ್ಲದ ಮನಸಿನಿಂದ ಚಾವಿ ಕೊಟ್ರು.

ಸ್ಟೇರಿಂಗ್ ನಡುವಿನ ಬಟನ್ ಬಿಚ್ಚಿ ಕರೆಂಟ್ ತಾಗೂ ಪಾಯಿಂಟ್ ತಿಕ್ಕಿದೆ. ಸ್ಪ್ರಿಂಗ್ ಬದಲಿಸಿದೆ. ಊಂಹೂಂ! ಸಿಟ್ಟು ನೆತ್ತಿಗೇರಿತು. ಕಡೀಕ ವೈರ್ ಎಳದು ನೋಡಿದ್ರ, ನಡುವ ಕತ್ತರಿಸಿ, ಎರಡೂ ತುದಿಗೆ ಗಾಯಕ್ಕ ಹಚ್ಚೂ ಬಿಳಿ ಪಟ್ಟಿ ನೀಟಾಗಿ ಸುತ್ತಿತ್ತು.

“ಯಾವ ತಲಿಕೆಟ್ಟಾಂವ ಮಾಡ್ಯಾನ್ರಿ ಇದನ್ನ?”

“ನಾನೇ,” ಅಂದ್ರು ಅಪ್ಪ.

ಆ ಪಟ್ಟಿ ನೋಡಕೋತ ಹೇಳಿದ್ರು: “ನಿಮ್ಮವ್ವ ಹಾಸಿಗಿ ಹಿಡಿದಾಗ್ಲೂ ಹಾರ್ನ್ ಕೇಳಿದ್ರ ಸಾಕು, ಗ್ವಾಡಿ ಹಿಡಕೊಂಡು ಗೇಟು ತೆಗ್ಯಾಕ ಬರ್ತಿದ್ಲು. ಎಷ್ಟು ಬೈದ್ರೂ ಕೇಳಲಿಲ್ಲ. ಒತ್ತಬಾರದು ಅಂದ್ಕೊಂಡ್ರೂ ನನ್ನ ಕೈ ರೂಢಿ ಬಿಡಲಿಲ್ಲ. ಒಂದಿನ ಬಾಗಲದಾಗ ಬಿದ್ಲು. ಅವತ್ತು ಕತ್ತರಿಸಿದೆ.”

ವೈರ್ ಜೋಡಿಸಿದೆ. “ಇಲ್ಲಿ ಒತ್ತಬ್ಯಾಡಪ್ಪ, ಊರು ದಾಟಿದ ಮ್ಯಾಲ ನೋಡು,” ಅಂದ್ರು ಅಪ್ಪ. ಅವರೇ ಗೇಟು ತೆಗೆದು, ಕಾರು ಹೊರಗ ಬಂದ ಮ್ಯಾಲ ಮುಚ್ಚಿ ಬಂದು ಕುಂತ್ರು. ಬೀದರದಾಗ ಕಾರು ಪಾಸಾಯ್ತು. ಅಪ್ಪ ಡ್ಯಾಶ್‌ಬೋರ್ಡ್ ಮ್ಯಾಲ ಕೈಯಾಡಿಸಿದ್ರು.

ಸಂಜಿ ಮುಂದ ಮನಿಗಿ ಬಂದಾಗ ಗೇಟು ಮುಚ್ಚಿತ್ತು. ನನ್ನ ಹೆಬ್ಬೆರಳು ತಾನೇ ಬಟನ್ ಮ್ಯಾಲ ಹೋಗಿತ್ತು. ಅಪ್ಪ ನನ್ನ ಮಣಿಕಟ್ಟು ಹಿಡಿದ್ರು. ನಾ ಇಳದು ಹೋದೆ. ಅವ್ವ ಇರೂತನಕ ಆಕಿ ತೆಗೀತಿದ್ಲು, ಆಮ್ಯಾಲ ನಾ ಬರೂ ಮೊದಲೇ ಅಪ್ಪ ತೆಗೆದಿಡ್ತಿದ್ರು. ಆ ಗೇಟಿಗೆ ನಾ ಕೈ ಹಚ್ಚಿದ್ದು ಅವತ್ತೇ ಮೊದಲು.

ನೂಕಿದೆ, ಸರೀಲಿಲ್ಲ. ಒಂದು ಕಡಿ ಜೋತುಬಿದ್ದು ನೆಲಕ್ಕ ಊರಿತ್ತು. ಎರಡೂ ಕೈಲೆ ಎತ್ತಿ, ಮೊಣಕಾಲು ಕೊಟ್ಟು ತಳ್ಳಬೇಕಾಯ್ತು.

“ಎಷ್ಟು ದಿನದಿಂದ ಹಿಂಗ ಐತ್ರಿ?”

“ನೀ ಸಾಲಿಗಿ ಹೋಗುವಾಗಿಂದ.”

ಒಂದು ಬಿಜಾಗರಿ ಬದಲಿಸಿದ್ರ ಮುಗೀತಿತ್ತು. ಊರ ಮಂದಿ ಗಾಡಿ ರಿಪೇರಿ ಮಾಡೂ ನಾನು, ಬೈಕ್ ಮ್ಯಾಲ ಕುಂತು ಹಾರ್ನ್ ಬಾರಿಸಿ, “ಎಷ್ಟೊತ್ತವ್ವಾ?” ಅಂತ ಆಕೀಗೇ ರೇಗ್ತಿದ್ದೆ. ಗೇಟು ಎತ್ತಿ ಹಿಡಕೊಂಡೇ ಅತ್ತುಬಿಟ್ಟೆ.