ಬಂದೂಕಿನ ಹಿಡಿಗೆ ಕುಂಕುಮ

ಪರದೇಶದ ಊರು ಅಕ್ಸ್‌ಬ್ರಿಡ್ಜ್‌ನ ಹರಾಜು ಮಳಿಗೆಯಲ್ಲಿ ಹಳೆಯ ವಸ್ತುಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. ಆಯುಧಪೂಜೆಯ ದಿನ ಮೇಜಿನ ಮೇಲಿನ ನನ್ನ ಕತ್ತರಿಗೆ ಕುಂಕುಮ ಹಚ್ಚಿದೆ. ಧಾರವಾಡದಲ್ಲಿ ಬಡಗಿಯಾಗಿದ್ದ ಅಪ್ಪ, "ಒಂದನ್ನ ಬಿಟ್ರೂ ಅದು ಸಿಟ್ಟಾಗ್ತದವ್ವಾ" ಅಂತ ಮೊಳೆಯ ಡಬ್ಬಿಗೂ ಹಚ್ಚುತ್ತಿದ್ದದ್ದು ನೆನಪಾಯಿತು. ಪಕ್ಕದಲ್ಲಿ ಹರಾಜಿಗಿದ್ದ ಅಮೆರಿಕದ ಹಳೆಯ ರೈಫಲ್ಲಿನ ಹಿಡಿಗೂ ಹಚ್ಚಿಬಿಟ್ಟೆ.

ಅದನ್ನು ನೋಡಲು ಬಂದಿದ್ದ ಜರ್ಮನ್ ಮುದುಕರೊಬ್ಬರು ಎದುರಿಗೇ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡು, "ಊರಿನ ರೂಢಿ, ಕೈ ಮಾತು ಕೇಳಲಿಲ್ಲ" ಎಂದೆ.

ಅವರು ನಕ್ಕರು. "ಈ ನಳಿಗೆಯೊಳಗೆ ಸುರುಳಿ ಗೆರೆ ಕೊರೆದವರೂ ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋದ ಕಮ್ಮಾರರೇ. ಊರಿನ ಕಸುಬು ಬಿಡು ಅಂದರೆ ಅವರ ಕೈಯೂ ಮಾತು ಕೇಳಲಿಲ್ಲ. ಅದನ್ನೂ ಬರೆಯಿರಿ."

ಚೀಟಿಗೆ 'ಜರ್ಮನ್ ಮೂಲದ ಕಸುಬು' ಎಂದು ಸೇರಿಸಿದೆ. ಕೆಳಗೆ, ವಸ್ತುವಿನ ಸ್ಥಿತಿ ಬರೆಯುವ ಜಾಗದಲ್ಲಿ: 'ಹಿಡಿಯ ಮೇಲೆ ಕೆಂಪು ಕಲೆ. ಮೂಲ ತಿಳಿದಿಲ್ಲ.'