ಬದು ಮುಟ್ಟುವ ಚೆಂಡು

ಕುಬಿಹಾಳದಲ್ಲಿ ಗಾಲ್ಫ್ ಆಡುವವರು ಒಬ್ಬರೇ, ಶಂಕ್ರಪ್ಪ ಕಾಕಾ. ನಾನು ಈರೇಶ, ಊರಿನ ಹಿಟ್ಟಿನ ಗಿರಣಿಯವನು. ಕಾಕಾನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಹೀಗಾಗಿ ಈ ಆಟದ ಕಷ್ಟಸುಖ ಊರಿನ ಉಳಿದವರಿಗಿಂತ ನನಗೇ ಹೆಚ್ಚು ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಅದರ ತಲೆಬುಡ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಚೆಂಡನ್ನು ಕೋಲಿನಿಂದ ಹೊಡೆಯುವುದು, ಆಮೇಲೆ ಅದನ್ನೇ ಹುಡುಕಿಕೊಂಡು ಹೋಗುವುದು. ಹುಡುಕುವುದೇ ಇದ್ದರೆ ಹೊಡೆಯುವುದು ಯಾಕೆ ಎಂದು ಒಮ್ಮೆ ಕೇಳಿದ್ದೆ. ಕಾಕಾ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಅವರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು. ಕೊನೆಯ ಕೆಲವು ವರ್ಷ ಅವರಿಗೆ ಸಿಕ್ಕ ಡ್ಯೂಟಿ ಎಂದರೆ ಆಫೀಸರುಗಳ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು. ಹುಲ್ಲು ಕತ್ತರಿಸುತ್ತ ಕತ್ತರಿಸುತ್ತ ಆಟ ಕಲಿತುಬಿಟ್ಟರು. ಊರಿಗೆ ಹೊರಡುವಾಗ ಸಾಹೇಬರೊಬ್ಬರು ಹಳೆಯ ಮೂರು ಕೋಲು, ಒಂದು ಚೀಲ ಚೆಂಡು ಕೊಟ್ಟು ಕಳಿಸಿದರು. ಮಿಲಿಟರಿಯಿಂದ ಬಂದವರು ಊರವರಿಗೆ ರಮ್ ತರುವುದು ವಾಡಿಕೆ. ಇವರು ಚೆಂಡು ತಂದರಲ್ಲ ಎಂದು ಗಂಡಸರಿಗೆಲ್ಲ ಬಹಳ ದಿನ ಬೇಜಾರಿತ್ತು.

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ, ಹೋಳಿಹುಣ್ಣಿಮೆಯಿಂದ ಮುಂಗಾರು ಹಿಡಿಯುವವರೆಗೆ ಕಾಕಾನ ಆಟದ ಕಾಲ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಮೊಣಕೈ ಮುಳುಗುವಷ್ಟು ಬಿರುಕು ಬಿಡುತ್ತದೆ. ಗಾಲ್ಫಿನಲ್ಲಿ ಚೆಂಡು ಬೀಳಿಸಲಿಕ್ಕೆಂದೇ ದೊಡ್ಡವರು ನೆಲ ತೋಡಿಸುತ್ತಾರಂತೆ. ನಮ್ಮಲ್ಲಿ ಅದಕ್ಕೇನೂ ಕೊರತೆಯಿಲ್ಲ. ಹೊಡೆದ ಚೆಂಡು ಬಿರುಕಿಗೆ ಹೋದರೆ ಅದು ಭೂತಾಯಿಗೇ ಸೇರಿದ ಹಾಗೆ. ಅದಕ್ಕಾಗಿ ಎದುರು ತುದಿಯಲ್ಲಿ ಒಬ್ಬರು ನಿಂತು ಚೆಂಡು ಎಲ್ಲಿ ಬಿತ್ತು ಎಂದು ನೋಡಬೇಕು. ಕಾಕಾನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ತಮ್ಮ ಕೋಲಿನ ತುದಿಯ ಆಚೆ ಅವರಿಗೆ ಎಲ್ಲವೂ ಮಸುಕು.

ಹಾಗೆ ನಿಲ್ಲುತ್ತಿದ್ದವಳು ಅವರ ಹೆಂಡತಿ ಮಲ್ಲಕ್ಕ ಚಿಗವ್ವ. ಸಂಜೆ ಬಿಸಿಲು ಇಳಿದ ಮೇಲೆ ತಲೆ ತುಂಬ ಸೆರಗು ಹೊದ್ದು, ನಮ್ಮ ಬದುವಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಆ ತುದಿಯಿಂದ ಕಾಕಾ ಹೊಡೆಯುತ್ತಿದ್ದರು. ಚಿಗವ್ವ ಅತ್ತ ಇತ್ತ ನಾಲ್ಕು ಹೆಜ್ಜೆ ಓಡಾಡಿ, ಕಡೆಗೆ ಕೈ ಎತ್ತಿ, "ಬದು ಮುಟ್ಟೇತ್ರಿ," ಎಂದು ಕೂಗುತ್ತಿದ್ದಳು. ಕಾಕಾ ಕೋಲು ಹೆಗಲಿಗೆ ಏರಿಸಿಕೊಂಡು ಗೆದ್ದವರ ಹಾಗೆ ನಡೆದು ಬರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಜಗಳವೂ ಇರಲಿಲ್ಲ. ಹೊಲದ ಈ ತುದಿಗೊಬ್ಬರು, ಆ ತುದಿಗೊಬ್ಬರು ನಿಂತು ಆಡುವ ಈ ಆಟವೇ ಅವರ ಸಂಸಾರದ ಮಾತುಕತೆ ಎಂದು ನನಗೆ ಅನ್ನಿಸುತ್ತಿತ್ತು.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಚಿಗವ್ವನಿಗೆ ಜ್ವರ ಬಂತು. ಹುಬ್ಬಳ್ಳಿ ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ.

ಮುಂದಿನ ಬೇಸಿಗೆ ಕಾಕಾ ಕೋಲು ಮುಟ್ಟಲಿಲ್ಲ. ಗಿರಣಿಗೆ ಬರುವುದು ಮಾತ್ರ ಹೆಚ್ಚಾಯಿತು. ಒಂಟಿ ಮನುಷ್ಯನಿಗೆ ಎಷ್ಟು ಹಿಟ್ಟು ಬೇಕು? ಆದರೂ ಸೇರು ಸೇರು ಜೋಳ ತರುತ್ತಿದ್ದರು. ಒಮ್ಮೆಲೇ ತಂದರೆ ನಾಳೆ ಬರಲು ನೆಪವಿರುವುದಿಲ್ಲವಲ್ಲ. ಬೀಸಿಕೊಟ್ಟ ಮೇಲೂ ಏಳುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ, ಆದರೂ ಕೂತಿರುತ್ತಿದ್ದರು. ಮೀಸೆಯ ಮೇಲೆಲ್ಲ ಹಿಟ್ಟು ಕೂತು ಇನ್ನಷ್ಟು ಮುದುಕರಾಗಿ ಮನೆಗೆ ಹೋಗುತ್ತಿದ್ದರು. ನನಗೆ ಕೆಡುಕೆನಿಸುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಅವರ ಆ ಮುಖ ನೋಡಿಕೊಂಡು ನಾನು ಬೇರೆ ಗಿರಾಕಿಗಳ ಜೊತೆ ನಗುವುದು ಹೇಗೆ?

ಕುಂದಗೋಳದಲ್ಲಿ ಕಣ್ಣಿನ ಶಿಬಿರ ನಡೆದಾಗ ನಾನೇ ಬಲವಂತ ಮಾಡಿ ಕರೆದುಕೊಂಡು ಹೋಗಿ ಪೊರೆ ತೆಗೆಸಿದೆ. ಕಣ್ಣು ಸ್ವಚ್ಛವಾದವು. ಮರುವರ್ಷ ಹೋಳಿ ಮುಗಿದ ಮೇಲೆ ಕಾಕಾ ಕೋಲುಗಳನ್ನು ಒರೆಸಿಕೊಂಡು ಹೊಲಕ್ಕೆ ಹೋದರು. ಅವತ್ತು ಸಂಜೆ ಗಿರಣಿಗೆ ಬಂದವರ ಮುಖ ನೋಡಲು ಆಗಲಿಲ್ಲ.

"ಈರ್ಯಾ, ಚಂಡು ಅರ್ಧಾ ಹೊಲಾನೂ ದಾಟವಲ್ದೋ," ಎಂದರು.

"ವಯಸ್ಸಾತ್ರಿ ಕಾಕಾ. ಎರಡ ವರ್ಷ ಕೋಲು ಹಿಡದಿಲ್ಲ ಬ್ಯಾರೆ."

"ವಯಸ್ಸಿನ ಮಾತಲ್ಲೋ. ಆಕಿ ನಿಂದ್ರತಿದ್ದ ಜಾಗಾಕ್ಕ ನನ್ನ ಚಂಡು ಹೋಗವಲ್ದು. ದಿನಾ ಮುಟ್ಟತಿತ್ತು. ಈಗ ನೋಡಿದ್ರ ಆಕಿ ಎಷ್ಟ ದೂರ ಹೋಗ್ಯಾಳ ಅನಸ್ತೈತಿ."

ನಾನು ಗಿರಣಿಯ ಕಲ್ಲು ಬಿಗಿ ಮಾಡುವವನ ಹಾಗೆ ಬಗ್ಗಿಕೊಂಡೆ.

ಬಲ ಹೋಗಿದೆ, ಅದನ್ನು ತಿರುಗಿ ತರಬೇಕು ಎಂದು ಕಾಕಾನ ತಲೆಯಲ್ಲಿ ಕೂತಿತು. ನಮ್ಮೂರಿನಲ್ಲಿ ಬಲ ಬೇಕಾದವರು ಹೋಗುವುದು ಒಂದೇ ಕಡೆ, ನನ್ನ ಗಿರಣಿಯ ಬಾಜೂಕ್ಕಿರುವ ಗರಡಿಮನೆಗೆ. ಅದನ್ನು ನಡೆಸುವವರು ವಸ್ತಾದ ಮಲಿಕಸಾಬರು, ಕಾಕಾನ ಓರಗೆಯವರು. ಒಂದು ಕಾಲಕ್ಕೆ ಸುತ್ತಿನ ಊರುಗಳ ಪೈಲ್ವಾನರನ್ನೆಲ್ಲ ಕೆಡವಿದ ಆಸಾಮಿ. ಈಗ ಹುಡುಗರು ಕನ್ನಡಿ ಹಚ್ಚಿದ ಜಿಮ್ ಹುಡುಕಿಕೊಂಡು ಕುಂದಗೋಳಕ್ಕೆ ಹೋಗುತ್ತಾರೆ. ಗರಡಿಯಲ್ಲಿ ಉಳಿದವರು ಗೂಡಿನ ಹನುಮಪ್ಪ ಮತ್ತು ಅವನ ಮುಂದೆ ದಿನಾ ಕಸ ಹೊಡೆದು ದೀಪ ಹಚ್ಚುವ ಮಲಿಕಸಾಬರು, ಇಬ್ಬರೇ.

"ಈ ವಯಸ್ಸಿನ್ಯಾಗ ಯಾರ ಕೂಡ ಕುಸ್ತಿ ಹಿಡೀಬೇಕಂತ ಮಾಡಿಯಲೇ ಶಂಕ್ರಪ್ಪ?" ಎಂದು ಕೇಳಿದರು ವಸ್ತಾದರು.

"ಕುಸ್ತಿ ಅಲ್ಲ. ಚಂಡು ದೂರ ಹೋಗಬೇಕು."

"ಬಲ ಅಂದ್ರ ಬಲಾನ. ಕುಸ್ತಿಗಾದ್ರೇನು, ಚಂಡಿಗಾದ್ರೇನು. ಅಂಗಿ ತಗಿ."

ತಪ್ಪು ಆದದ್ದು ಅಲ್ಲೇ. ನಮ್ಮ ಕಡೆ ಬಲವೆಂದರೆ ದುಂಡನೆಯ ಕಲ್ಲುಗುಂಡನ್ನು ಎದೆಗೆ ತಂದು ಹೆಗಲ ಮೇಲಿನಿಂದ ಹಿಂದಕ್ಕೆ ಒಗೆಯುವುದು. ಗುಂಡು ಎತ್ತಿದವನು ಗಂಡಸು, ಎತ್ತದವರು ಉಳಿದ ಜನ. ವಸ್ತಾದರು ಹೊಸ ಪೈಲ್ವಾನನಿಗೆ ಮಾಡಿಸುವುದನ್ನೇ ಕಾಕಾನಿಗೂ ಮಾಡಿಸಿದರು. ದಂಡ ಹೊಡೆಸಿದರು, ಸಣ್ಣ ಗುಂಡು ಎತ್ತಿಸಿದರು, ಬಾದಾಮಿ ಅರೆದು ಹಾಲು ಕುಡಿಸಿದರು. ಕಾಕಾನ ಎದೆ ಉಬ್ಬಿತು, ತೋಳು ಗಟ್ಟಿಯಾದವು, ಅಂಗಿಯ ಗುಂಡಿ ಹಾಕಲು ಬಾರದಾಯಿತು. ಚೆಂಡು ಮಾತ್ರ ಮೊದಲಿಗಿಂತ ಹತ್ತಿರ ಬೀಳತೊಡಗಿತು. ಉಬ್ಬಿದ ಎದೆ ಅಡ್ಡ ಬಂದು ಮೈ ತಿರುಗುತ್ತಲೇ ಇರಲಿಲ್ಲ. ಅವರು ಸಿಟ್ಟಿನಿಂದ ಇನ್ನೂ ಜೋರಾಗಿ ಬೀಸುತ್ತಿದ್ದರು, ಚೆಂಡು ಇನ್ನೂ ಹತ್ತಿರ ಬೀಳುತ್ತಿತ್ತು. ಕಡೆಗೆ ಬಲಗೈ ಮೇಲಕ್ಕೆ ಏಳದ ಹಾಗೆ ಹೆಗಲು ಹಿಡಿದುಕೊಂಡಿತು.

ಆ ದಿನ ನಾನೂ ಹೊಲದಲ್ಲಿದ್ದೆ. ಸಣ್ಣವ್ವ ನಮ್ಮ ಹೊಲದಲ್ಲಿ ಹತ್ತಿಕಟ್ಟಿಗೆ ಆರಿಸುತ್ತಿದ್ದಳು. ಬಹಳ ವರ್ಷದಿಂದ ನಮ್ಮಲ್ಲಿ ಕೂಲಿಗೆ ಬರುವ ಹೆಂಗಸು. ಕಾಕಾ ಬದುವಿನ ಮೇಲೆ ಕೂತು ಹೆಗಲು ತಿಕ್ಕಿಕೊಳ್ಳುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹೊರೆ ಇಳಿಸಿ ಹತ್ತಿರ ಬಂದಳು.

"ಹವಾಲ್ದಾರ್ರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಚಂಡು ಈ ಬದು ಯಾವತ್ತೂ ಮುಟ್ಟಿಲ್ರಿ."

ಕಾಕಾ ತಲೆ ಎತ್ತಿದರು. "ನಿನಗೇನ ಗೊತ್ತವಾ. ದಿನಾ ಕೈ ಎತ್ತಿ ಹೇಳ್ತಿದ್ಲು ಆಕಿ."

"ಹೇಳ್ತಿದ್ರು. ನಾ ಇಲ್ಲೇ ಕಟಗಿ ಆರಸ್ತಿದ್ನಿ, ಎಲ್ಲಾ ನೋಡೇನ್ರಿ. ಚಂಡು ನಡೂ ಹೊಲದಾಗ ಬೀಳ್ತಿತ್ತು. ಅಕ್ಕಾರು ಹೋಗಿ ಸೀರಿ ನಿರಗಿ ಅಡ್ಡಾ ಮಾಡಿ, ಕಾಲಿಲೇ ದೂಡಕೋತ ದೂಡಕೋತ ಬದುವಿನ ಮಟಾ ತರ್ತಿದ್ರು. ಆಮ್ಯಾಲ ಕೈ ಎತ್ತತಿದ್ರು."

"ಯಾಕ?" ಎಂದರು ಕಾಕಾ. ಧ್ವನಿ ಸಣ್ಣದಾಗಿತ್ತು.

"ನಾನೂ ಕೇಳಿದ್ನಿರಿ ಒಂದಿನಾ. ಮುಟ್ಟಿಲ್ಲ ಅಂದ್ರ ಇನ್ನೊಂದು, ಇನ್ನೊಂದು ಅಂತ ಕತ್ತಲಾಗೂತನಾ ಹೊಡೀತಾರ, ಮಾರಿ ಸಣ್ಣದ ಮಾಡ್ಕೊಂಡು ಉಣ್ಣಂಗಿಲ್ಲ, ನಾ ರೊಟ್ಟಿ ಬಡಿಯೂದು ಯಾವಾಗ ಅಂದ್ರು."

ಸಣ್ಣವ್ವ ನಗುತ್ತ ಹೇಳಿದಳು. ನನಗೂ ನಗು ಬಂತು, ಚಿಗವ್ವ ಕಣ್ಣ ಮುಂದೆ ಬಂದು ನಿಂತ ಹಾಗಾಯಿತು. ಕಾಕಾ ನಗಲಿಲ್ಲ. ಎದ್ದು, ಕೋಲುಗಳನ್ನು ಅಲ್ಲೇ ಬಿಟ್ಟು ಊರ ಕಡೆ ನಡೆದರು. ಸಂಜೆ ಕೋಲುಗಳನ್ನು ನಾನೇ ಅವರ ಮನೆಗೆ ಮುಟ್ಟಿಸಿದೆ. ಬಾಗಿಲು ತೆರೆಯಲಿಲ್ಲ, ಕಟ್ಟೆಯ ಮೇಲಿಟ್ಟು ಬಂದೆ.

ಅದಾದ ಮೇಲೆ ಬಹಳ ದಿನ ಅವರು ಗಿರಣಿಗೂ ಬರಲಿಲ್ಲ, ಗರಡಿಗೂ ಹೋಗಲಿಲ್ಲ. ಮುಂಗಾರು ಬಂದು ಹೆಸರುಕಾಳು ಬಿತ್ತಿದ್ದೂ ಆಯಿತು. ಹೆಂಡತಿ ಸತ್ತಾಗ ಇಲ್ಲದ ಒಂಟಿತನ ಈಗ ಬಂದಿತ್ತು ಎಂದು ನನ್ನ ಲೆಕ್ಕ. ಮೊದಲು ಅವರ ಹತ್ತಿರ ದಿನಾ ಬದು ಮುಟ್ಟಿದ ಸಂಜೆಗಳಾದರೂ ಇದ್ದವು. ಸಣ್ಣವ್ವ ಅವುಗಳನ್ನೂ ಕಿತ್ತುಕೊಂಡಿದ್ದಳು, ಅದೂ ಒಳ್ಳೆಯ ಮನಸ್ಸಿನಿಂದ. ಅವಳನ್ನು ಬೈಯಲೂ ಬರುವಂತಿರಲಿಲ್ಲ.

ಒಂದು ಬೆಳಿಗ್ಗೆ ಅವರೇ ಬಂದರು. ಕೈಯಲ್ಲಿ ಜೋಳದ ಚೀಲವಿರಲಿಲ್ಲ, ಕೋಲಿತ್ತು.

"ಇಷ್ಟ ದಿನಾ ಹೋದ ಬಲ ತಿರಗಿ ತರಬೇಕಂತ ಮಾಡಿದ್ನಿ," ಎಂದರು. "ನನಗ ಆ ಬಲ ಇರಲೇ ಇಲ್ಲಂತ. ಈಗ ಹೊಸಾದ ತರಬೇಕು."

"ಸಾಕ ಬಿಡ್ರಿ ಕಾಕಾ. ಯಾರ ಸಲುವಾಗಿ?"

"ಆಕಿ ಅಷ್ಟ ವರ್ಷ ನನ್ನ ಸಲುವಾಗಿ ಸುಳ್ಳ ಹೇಳ್ಯಾಳೋ. ಒಮ್ಮ್ಯಾರ ಅದು ಖರೇ ಆಗಲಿ."

ಈ ಮಾತು ಮಲಿಕಸಾಬರ ಕಿವಿಗೆ ಬಿದ್ದ ಮೇಲೆ ಅವರು ಮೊದಲ ಬಾರಿಗೆ ಆ ಆಟ ನೋಡಲು ಒಪ್ಪಿದರು. ಗರಡಿಯ ಹಿಂದಿನ ಬಯಲಿನಲ್ಲಿ ಕಾಕಾ ಚೆಂಡಿಲ್ಲದೆ ಬರೀ ಕೋಲು ಬೀಸಿ ತೋರಿಸಿದರು. ವಸ್ತಾದರು ಸುತ್ತ ಒಂದು ಸುತ್ತು ಬಂದು ನೋಡಿ ಹಣೆ ಬಡಿದುಕೊಂಡರು.

"ಇದು ಎತ್ತೂ ಆಟ ಅಲ್ಲ, ತಿರಗೂ ಆಟ. ಮೊದಲ ಹೇಳಬಾರದೇನಲೇ? ಮನಶ್ಯಾನ್ನ ಹೆಗಲಿಗಿ ಹಾಕ್ಕೊಂಡ ಒಗಿಯೂವಾಗ ಬಲ ಎಲ್ಲಿಂದ ಬರ್ತೈತಿ? ಕೈಯಿಂದ ಅಲ್ಲ. ಅಂಗಾಲಿಂದ ತೊಡಿಗೆ, ತೊಡಿಯಿಂದ ಟೊಂಕಕ್ಕ. ಕೈ ಏನಿದ್ರೂ ಕಡೀಕ."

ಅಲ್ಲಿಂದ ಗುಂಡು ಮೂಲೆ ಸೇರಿತು. ಉಸುಕಿನ ಚೀಲವನ್ನು ಟೊಂಕದ ಮಟ್ಟದಲ್ಲಿ ಹಿಡಿದು, ಮೈ ತಿರುಗಿಸಿ ಗೋಡೆಗೆ ಎಸೆಯುವುದು ಶುರುವಾಯಿತು. ಬಲಕ್ಕೆ ಎಸೆದಷ್ಟೇ ಎಡಕ್ಕೂ ಎಸೆಯಬೇಕು, ಇಲ್ಲದಿದ್ದರೆ ಬೆನ್ನು ಸೊಟ್ಟಗಾಗುತ್ತದೆ. ಬೈಠಕ್ ಹೊಡೆಯುವಾಗ ಅವಸರವಿಲ್ಲ, ನಿಧಾನಕ್ಕೆ ಇಳಿದು ನಿಧಾನಕ್ಕೆ ಏಳಬೇಕು. ಒಂಟಿಕಾಲಲ್ಲಿ ನಿಂತು ಬೀಳದ ಹಾಗೆ ತೋಲ ಹಿಡಿಯಬೇಕು. ಮರದ ಗದೆಯನ್ನು ಹೆಗಲಿನ ಹಿಂದೆ ಅಡ್ಡ ಇಟ್ಟುಕೊಂಡು, ಕಾಲು ಕದಲಿಸದೆ ಸೊಂಟದ ಮೇಲಿನ ಮೈಯನ್ನಷ್ಟೇ ತಿರುಗಿಸಬೇಕು. ಒಂದು ದಿನ ಸಾಮು, ಮರುದಿನ ಬರೀ ನಡಿಗೆ, ಯಾಕೆಂದರೆ ಹಳೆಯ ಮೈಗೆ ಬಲ ಬರುವುದು ಸುಧಾರಿಸಿಕೊಳ್ಳುವಾಗ ಎಂದು ವಸ್ತಾದರ ವಾದ. ಆ ನಡಿಗೆಗೂ ಅವರೇ ಜೊತೆಗೆ ಹೋಗುತ್ತಿದ್ದರು. ಬಂದು ಗರಡಿಯ ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ಕಾಕಾ ಮಿಲಿಟರಿಯ ಕಥೆ ಹೇಳುವುದು, ವಸ್ತಾದರು ಅದನ್ನು ನಂಬದಿರುವುದು, ಹೀಗೆ ಮಳೆಗಾಲ ಕಳೆದು ಚಳಿಗಾಲವೂ ಕಳೆಯಿತು. ಕಾಕಾ ಈಗ ವಾರಕ್ಕೊಮ್ಮೆ ಒಂದೇ ಸಲ ಜೋಳ ತರತೊಡಗಿದ್ದರು. ಗಿರಾಕಿ ಕಳೆದುಕೊಂಡ ಹಾಗೆ ನನಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಈ ವರ್ಷ ಹೋಳಿ ಮುಗಿದ ಮೇಲೆ ಚೆಂಡು ನಡು ಹೊಲ ದಾಟಿತು. ಹೆಗಲು ನೋಯಲಿಲ್ಲ. ದಿನದಿನಕ್ಕೆ ಬದು ಹತ್ತಿರವಾಗುತ್ತ ಬಂತು. ಮೋಡ ಕಟ್ಟತೊಡಗಿದ್ದವು, ಒಂದು ದೊಡ್ಡ ಮಳೆ ಬಿದ್ದರೆ ಎರೆ ಹೊಲದಲ್ಲಿ ಕಾಲಿಡಲು ಆಗುವುದಿಲ್ಲ. ವಸ್ತಾದರು ದಿನಾ ಬೆಳಿಗ್ಗೆ, ನಿನ್ನೆ ಎಷ್ಟು ದೂರ ಹೋಯಿತು ಎಂದು ಕೇಳುತ್ತಿದ್ದರು. ಚಳಿಗಾಲದ ಕೊನೆಗೆ ಹಿಡಿದುಕೊಂಡ ಮೊಣಕಾಲು ಅವರನ್ನು ಹೊಲದವರೆಗೆ ನಡೆದು ಬರಲು ಈಗ ಬಿಡುತ್ತಿರಲಿಲ್ಲ.

ಒಂದು ಸಂಜೆ ಕರೆಂಟು ಹೋಗಿ ಗಿರಣಿ ನಿಂತಿತ್ತು. ನಾನು ಹೊಲಕ್ಕೆ ಹೋಗಿ ಬೇವಿನ ಗಿಡದ ಬುಡಕ್ಕೆ ಕೂತಿದ್ದೆ. ಕಾಕಾ ಆ ತುದಿಯಲ್ಲಿದ್ದರು. ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ಅವರು ಕೋಲು ಬೀಸಿದ ರೀತಿಯಲ್ಲಿ ಅವತ್ತು ಯಾವ ಸಿಟ್ಟೂ ಇರಲಿಲ್ಲ. ಚೆಂಡು ಮೇಲೆದ್ದದ್ದು ಕಂಡಿತು, ಆಮೇಲೆ ಕಾಣಲಿಲ್ಲ, ಆಮೇಲೆ ಬದುವಿನ ಮಣ್ಣಿಗೆ ಬಡಿದು ಅಲ್ಲೇ ನಿಂತಿತು.

ಕಾಕಾ ನಡೆದು ಬಂದರು. ಚೆಂಡು ನೋಡಿದರು, ಎತ್ತಿಕೊಳ್ಳಲಿಲ್ಲ. ಚಿಗವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ತಾವು ಬಂದ ದಿಕ್ಕಿಗೆ ತಿರುಗಿದರು. ಅಲ್ಲಿಂದ ನೋಡಿದರೆ ಆ ತುದಿಯಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಹಾಗೇ ನೋಡಿದರು. ಆಮೇಲೆ ಬದುವಿನ ಮೇಲೆ ಕೂತು ಅತ್ತರು. ಚಿಗವ್ವ ಹೋದಾಗಲೂ ನಾಲ್ಕು ಜನರ ಮುಂದೆ ಅಳದ ಮನುಷ್ಯ. ಎದ್ದು ಹೋಗಿ ಹೆಗಲ ಮೇಲೆ ಕೈ ಇಡಬೇಕೆಂದು ನನಗೆ ಬಹಳ ಅನ್ನಿಸಿತು. ಆದರೆ ಅದು ಅವರಿಬ್ಬರ ಹೊತ್ತು ಎಂದು ಕೂತೇ ಇದ್ದೆ.

ಮರುದಿನ ಬೆಳಿಗ್ಗೆ ಗಿರಣಿ ಶುರು ಮಾಡುವ ಮೊದಲು ಗರಡಿಯ ಕಡೆ ಹೋದೆ. ಸುದ್ದಿ ಕೇಳಿದರೆ ಮಲಿಕಸಾಬರು ಪೇಢೆ ಹಂಚದೆ ಇರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಅವರು ಕೆಮ್ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ಕಾಕಾ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ನಿನ್ನೆ ಏನಾತಲೇ? ಮುಟ್ಟತೇನು?" ಎಂದರು ವಸ್ತಾದರು.

ಕಾಕಾ ನನ್ನನ್ನೊಮ್ಮೆ ನೋಡಿ, ತಿರುಗಿ ವಸ್ತಾದರನ್ನು ನೋಡಿದರು.

"ಇಲ್ಲ. ಕಡಿಮಿ ಬಿತ್ತು."

"ಭಾಳ ಕಡಿಮೇನ?"

"ಭಾಳ ಇಲ್ಲ. ಒಂದ ನಾಕ ಮಾರು."

ನಾನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮಲಿಕಸಾಬರು ಕೊಡ ಕೆಳಗಿಟ್ಟರು. ಅವರ ಮುಖದಲ್ಲಿ ಬೇಸರವಿರಲಿಲ್ಲ.

"ಹಂಗಾರ ಮಳಿ ಬಂತಂತ ಸಾಮು ಬಿಡಂಗಿಲ್ಲ. ಮುಂದಿನ ಹೋಳಿ ತನಾ ದಿನಾ ಬರಬೇಕು."

"ಬರ್ತೇನಿ," ಎಂದರು ಕಾಕಾ.