ನಾಗವೇಣಿಯ ಒಂಬತ್ತು ಕಿರಣ್ ಕಂಪ್ಯೂಟರುಗಳು

ಮುರಾರಿಯವರು ಹಿಂದಿಯಲ್ಲಿ "ಎಪ್ಪತ್ತು" ಎಂದಾಗ ನಾಗವೇಣಿಗೆ ತಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಅನ್ನಿಸಿತು. ಅವರು ಅದನ್ನೇ ಇಂಗ್ಲಿಷಿನಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದರು. ಆಗ ಅವಳ ಕಿವಿ ಬಿಸಿಯಾಯಿತು.

೧೯೯೬ರ ಕೊನೆಯ ಭಾಗ, ಭಾನುವಾರ. ಥಾಣೆ ಸ್ಟೇಶನ್ನಿನ ಹತ್ತಿರ ಒಂದು ಶಾಕಾಹಾರಿ ಹೋಟೆಲಿನ ಮಾಳಿಗೆಯ ಮೇಲೆ ಕಿರಣ್ ಕಂಪ್ಯೂಟರ್ ಬಳಗದವರು ಸೇರಿದ್ದರು. ಕಿರಣ್ ಎಂದರೆ ಹತ್ತು ವರ್ಷದ ಹಿಂದೆ ಮಹಾಪೆಯ ಸಣ್ಣ ಕಾರ್ಖಾನೆಯೊಂದು ತಯಾರಿಸುತ್ತಿದ್ದ ಮನೆ ಕಂಪ್ಯೂಟರು. ದಪ್ಪ ಪುಸ್ತಕದಷ್ಟು ಕರಿ ಡಬ್ಬಿ, ಮೇಲೆ ರಬ್ಬರಿನ ಬಟನ್ನುಗಳು. ಅದನ್ನು ಮನೆಯ ಟಿವಿಗೆ ಜೋಡಿಸಬೇಕು, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ತುಂಬಬೇಕು. ಕಾರ್ಖಾನೆ ತೊಂಬತ್ತರಲ್ಲೇ ಬಾಗಿಲು ಹಾಕಿತ್ತು. ಕಿರಣ್ ಕೆಡುವುದೆಲ್ಲ ಒಂದೇ ಜಾಗದಲ್ಲಿ: ಬಟನ್ನುಗಳ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆ. ಒತ್ತಿ ಒತ್ತಿ ಅದು ಸೀಳಿತೆಂದರೆ ಅಕ್ಷರಗಳು ಮೂಡುವುದಿಲ್ಲ. ಆ ಹಾಳೆ ಈಗ ಎಲ್ಲೂ ಸಿಗುತ್ತಿರಲಿಲ್ಲ.

ಥಾಣೆಯ ಒಬ್ಬ ವ್ಯಾಪಾರಿ ಹೊಸ ಹಾಳೆಗಳನ್ನು ಅಚ್ಚು ಹಾಕಿಸಿ ಕೊಡಲು ಒಪ್ಪಿದ್ದ. ಆದರೆ ಅವನ ಪ್ರಶ್ನೆ ಒಂದೇ: ಈ ಹಳೇ ಡಬ್ಬಿಯನ್ನು ಇನ್ನೂ ಎಷ್ಟು ಜನ ಬಳಸುತ್ತಾರೆ? ಇನ್ನೂರು ಜನರಾದರೂ ಇದ್ದರೆ ಮಾಡಿಸುತ್ತೇನೆ, ಇಲ್ಲದಿದ್ದರೆ ಇಲ್ಲ. ಆ ಅಂದಾಜು ಮಾಡುವ ಕೆಲಸವನ್ನು ಬಳಗದ ಕಾರ್ಯದರ್ಶಿ ಮುರಾರಿಯವರು ಹೊತ್ತಿದ್ದರು. ಉಡುಪಿ ಕಡೆಯವರು, ನೆರೂಳದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ತಲೆ ಬಾಚಿದ ಹಾಗೆಯೇ ಮಾತನ್ನೂ ಬಾಚಿ ಆಡುವ ಮನುಷ್ಯ. ಕಾರ್ಖಾನೆ ಮಾಡಿದ್ದು ಸುಮಾರು ಮೂರು ಸಾವಿರ, ಅರ್ಧದಷ್ಟು ಶಾಲೆಗಳಿಗೆ ಹೋಗಿ ಮೂಲೆ ಸೇರಿದವು, ಉಳಿದವರಲ್ಲಿ ನಮ್ಮ ಕಾಗದಕ್ಕೆ ಉತ್ತರ ಬರೆದವರು ಇಷ್ಟು, ಉತ್ತರ ಬರೆದ ಒಬ್ಬನಿಗೆ ಬರೆಯದ ಇಬ್ಬರು ಇದ್ದಾರೆಂದು ಹಿಡಿದರೂ ಎಪ್ಪತ್ತು ದಾಟುವುದಿಲ್ಲ. ಇದು ಅವರ ಲೆಕ್ಕ.

ನಾಗವೇಣಿ ಎದ್ದು ನಿಂತಳು. ಪಕ್ಕದಲ್ಲಿ ಕೂತಿದ್ದ ಅವಳ ಕ್ಲಾಸಿನ ಹುಡುಗಿ ಮಲ್ಲಿಕಾ ಸೆರಗು ಜಗ್ಗಿದಳು. ನಾಗವೇಣಿ ಕೊಡವಿಕೊಂಡಳು.

"ನಮ್ಮನ್ನ ಎಣಿಸೀರೇನ್ರಿ ಇದರಾಗ?" ಎಂದು ಕನ್ನಡದಲ್ಲೇ ಕೇಳಿದಳು. ಮುರಾರಿಯವರು ಚಹಾದವನ ಹತ್ತಿರ ಕನ್ನಡ ಆಡಿದ್ದನ್ನು ಅವಳು ಬರುವಾಗಲೇ ಕೇಳಿಸಿಕೊಂಡಿದ್ದಳು.

ಮುರಾರಿಯವರು ಕನ್ನಡಕ ಸರಿಮಾಡಿಕೊಂಡರು. "ನೀವು ಯಾರ ಜೊತೆ ಬಂದದ್ದು?"

ಆ ಪ್ರಶ್ನೆಯೇ ಸಾಕಾಯಿತು.

ನಾಗವೇಣಿ ಯಾರ ಬೆನ್ನು ಹಿಡಿದೂ ಬಂದವಳಲ್ಲ, ಮಲ್ಲಿಕಾಳನ್ನು ತಾನೇ ಕರೆತಂದಿದ್ದಳು. ಗುಲ್ಬರ್ಗಾ ಜಿಲ್ಲೆಯ ಶಹಾಪುರದ ಕಡೆಯಿಂದ ಅವಳ ಅವ್ವ ಅಪ್ಪ ನವಿ ಮುಂಬಯಿ ಕಟ್ಟುವ ಕೆಲಸಕ್ಕೆ ಬಂದಾಗ ಅವಳಿಗೆ ಹತ್ತು ವರ್ಷ. ಐರೋಲಿಯ ಕಟ್ಟಡಗಳು ಮೇಲೇಳುತ್ತಿದ್ದಾಗ ಅವುಗಳ ನಡುವೆಯೇ ಬೆಳೆದಳು. ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆ ಪಾಸಾದಳು. ಹದಿನೆಂಟಕ್ಕೆ ಮಹಾಪೆಯ ಆ ಕಾರ್ಖಾನೆಗೆ ಸೇರಿದಳು. ಮೊದಲು ವೈರು ಬೆಸೆಯುವ ಬೆಂಚು, ಆಮೇಲೆ ತಯಾರಾದ ಕಂಪ್ಯೂಟರನ್ನು ಟಿವಿಗೆ ಹಚ್ಚಿ ನೋಡುವ ಟೆಸ್ಟಿಂಗ್ ಬೆಂಚು. ಪ್ರತಿ ಡಬ್ಬಿಗೂ ಒಂದು ಸಣ್ಣ ಪ್ರೋಗ್ರಾಮು ಒತ್ತಿ ಪರೀಕ್ಷಿಸಬೇಕಿತ್ತು. ಒತ್ತುತ್ತ ಒತ್ತುತ್ತ ಅದರ ಅರ್ಥ ತಿಳಿಯತೊಡಗಿತು. ಅರ್ಥ ತಿಳಿದ ಮೇಲೆ ಅದನ್ನು ಬದಲಾಯಿಸಿ ನೋಡುವ ಚಟ ಹತ್ತಿತು. ಸೂಪರ್‌ವೈಸರ್ ಎರಡು ಸಲ ಬೈದಿದ್ದ.

ಕಾರ್ಖಾನೆ ಮುಚ್ಚಿದಾಗ ಉಳಿದ ಸಾಮಾನು ತೂಕದ ಲೆಕ್ಕದಲ್ಲಿ ಗುಜರಿಯವನ ಪಾಲಾಯಿತು. ನಾಗವೇಣಿ ತನ್ನ ಗಂಡ ಯಂಕಪ್ಪನನ್ನು ಕರೆದುಕೊಂಡು ಹೋಗಿ, ರಾಶಿಯಲ್ಲಿ ಹುಡುಕಿ, ಚೆನ್ನಾಗಿದ್ದ ಒಂಬತ್ತು ಡಬ್ಬಿ ಆರಿಸಿ ತಂದಳು. ಯಂಕಪ್ಪ ವಾಶಿ ಮಾರ್ಕೆಟ್ಟಿನಲ್ಲಿ ಚೀಲ ಹೊರುವವನು. "ಇವು ಏನ್ ಕೆಲಸಕ್ಕ ಬರ್ತಾವ?" ಎಂದು ಒಮ್ಮೆ ಕೇಳಿದ. "ನನಗ ಬೇಕು," ಎಂದಳು. ಅವನು ಗೋಣಿಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದ.

ಮನೆಯ ಮುಂದಿನ ಖೋಲಿಯಲ್ಲಿ ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿಗಳನ್ನು ಸಾಲಾಗಿಟ್ಟು ಕ್ಲಾಸು ಶುರುಮಾಡಿದಳು. ಕಟ್ಟಡದ ಕೆಲಸದವರ, ಲೋಡಿಂಗಿನವರ, ಫ್ಯಾಕ್ಟರಿಯವರ ಹೆಣ್ಣುಮಕ್ಕಳು ಬರುತ್ತಿದ್ದರು. ಸ್ಟೇಶನ್ ರಸ್ತೆಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನ ಗಾಜಿನ ಬಾಗಿಲು ದಾಟಲಾಗದವರು. ಈಗ ಅವರ ಸಂಖ್ಯೆ ನಲವತ್ತರ ಮೇಲಾಗಿತ್ತು. ದಿನವೂ ಅವರ ಬೆರಳು ಬೀಳುವ ಆ ಒಂಬತ್ತರಲ್ಲಿ ಮೂರು ಡಬ್ಬಿಗಳ ಹಾಳೆ ಸೀಳಿ ಸುಮ್ಮನೆ ಕೂತಿದ್ದವು. ಅದಕ್ಕೇ, ಹೊಸ ಹಾಳೆಯ ಸುದ್ದಿ ಕೇಳಿ, ಅವಳು ಆ ದಿನ ಬಸ್ಸು ಹತ್ತಿ ಥಾಣೆಗೆ ಬಂದದ್ದು.

ಇದನ್ನೆಲ್ಲ ಅವಳು ಮಾಳಿಗೆಯ ಮೇಲೆ ನಿಂತು ಹೇಳಿದಳು. ಹೇಳಿದಳು ಅನ್ನುವುದಕ್ಕಿಂತ ಒಗೆದಳು. ಅರ್ಧ ಕನ್ನಡ, ಅರ್ಧ ಹಿಂದಿ. ಮುರಾರಿಯವರು ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ನೋಡಿ, ನಾನು ಎಣಿಸಿದ್ದು ಅಭಿಮಾನಿಗಳನ್ನು. ಈ ಯಂತ್ರದ ಮೇಲೆ ಪ್ರೀತಿ ಇಟ್ಟು ಬಳಸುವವರನ್ನು. ನಿಮ್ಮ ಹುಡುಗಿಯರು ಕೆಲಸ ಸಿಗಲಿ ಅಂತ ಕಲಿಯುವವರು. ಬಸ್ಸಿನಲ್ಲಿ ಕೂತವರೆಲ್ಲ ಬಸ್ಸಿನ ಅಭಿಮಾನಿಗಳು ಅಂತ ಹೇಳ್ಲಿಕ್ಕೆ ಆಗ್ತದಾ?"

ಯಾರೋ ನಕ್ಕರು.

"ಪ್ರೀತಿ ಇಲ್ಲ ಅಂತ ನಿಮಗ ಯಾರ್ ಹೇಳ್ಯಾರ?" ಎಂದಳು ನಾಗವೇಣಿ. "ಈಕಿನ್ನೇ ಕೇಳ್ರಿ."

ಮುರಾರಿಯವರು ಮಲ್ಲಿಕಾಳ ಕಡೆ ತಿರುಗಿದರು. ಮಲ್ಲಿಕಾ ಕ್ಲಾಸಿನಲ್ಲೇ ಎಲ್ಲರಿಗಿಂತ ಚುರುಕು, ಹದಿನೇಳರ ಹುಡುಗಿ. ಅವಳ ಅಜ್ಜಿ ರಾಯಚೂರಿನವಳು. ಮಲ್ಲಿಕಾ ಹುಟ್ಟಿದ್ದು ಇಲ್ಲೇ. ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಈ ಕಂಪ್ಯೂಟರ್ ಇಷ್ಟವಾ ನಿನಗೆ?" ಎಂದು ಕೇಳಿದ್ದಕ್ಕೆ ಅವಳು ನೆಲ ನೋಡಿಕೊಂಡು, "ನಹೀ ಸರ್. ಖಟಾರಾ ಹೈ. ಮುಝೇ ಅಸಲೀ ಪಿಸಿ ಸೀಖನಾ ಹೈ," ಎಂದಳು. ಇದು ಗುಜರಿ ಮಾಲು, ತನಗೆ ನಿಜವಾದ ಪಿಸಿ ಕಲಿಯಬೇಕು ಎಂದು ಅದರ ಅರ್ಥ.

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಮರಳುವ ಬಸ್ಸು ಕಳವಾ ಸೇತುವೆ ದಾಟಿದ್ದೇ ನಾಗವೇಣಿ ಬಾಯಿ ಬಿಟ್ಟಳು. ಉಂಡ ಮನೆಯ ಮಾನ ಕಳೆದೆ ಎಂದಳು, ನಾಳೆಯಿಂದ ಕ್ಲಾಸಿಗೆ ಬರಬೇಡ ಎಂದಳು, ಖಟಾರಾ ಅಂದ ಬಾಯಿಂದ ನನ್ನನ್ನು ಮೇಡಂ ಅನ್ನಬೇಡ ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಲ್ಲಿಕಾ ಎಲ್ಲ ಕೇಳಿ ಕೊನೆಗೆ ಒಂದೇ ಮಾತು ಹೇಳಿದಳು. ಈ ಸಲ ಕನ್ನಡದಲ್ಲಿ, ತಡವರಿಸುತ್ತ.

"ಮೇಡಂ, ನಾವು ಹೋದ ಮ್ಯಾಲ ಅದರ ಮುಂದ ಕೂಡೋರು ನೀವು. ನಿಮಗ ಪ್ರೀತಿ ಅದ. ನಮ್ಮ ಹೆಸರು ಯಾಕ ಹೇಳಿದ್ರಿ?"

ಅದನ್ನು ಕೇಳಿ ನಾಗವೇಣಿಯ ಸಿಟ್ಟು ಇನ್ನಷ್ಟು ಏರಿತು.

ಮಲ್ಲಿಕಾ ಹೇಳಿದ್ದು ನಿಜವೇ ಆಗಿತ್ತು. ಮಧ್ಯಾಹ್ನ ಯಂಕಪ್ಪ ಮಾರ್ಕೆಟ್ಟಿನಲ್ಲಿರುವಾಗ, ಹುಡುಗಿಯರು ಬರುವ ಮುಂಚೆ, ನಾಗವೇಣಿ ಒಂದು ಕಿರಣ್ ಹಚ್ಚಿ ಕನ್ನಡ ಅಕ್ಷರಗಳನ್ನು ಮಾಡುತ್ತಿದ್ದಳು. ಆ ಯಂತ್ರಕ್ಕೆ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಆದರೆ ಒಂದು ಅಕ್ಷರವೆಂದರೆ ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಚೌಕ. ಯಾವ ಚುಕ್ಕಿ ಬೆಳಗಬೇಕೆಂದು ಹೇಳಿಕೊಟ್ಟರೆ ಬೇರೆ ರೂಪವೂ ಮೂಡುತ್ತದೆ. ಊರಲ್ಲಿ ಎರಡನೆಯ ಇಯತ್ತೆವರೆಗೆ ಕಲಿತ ಕನ್ನಡವನ್ನು ಅವಳು ಮರೆಯುವುದಕ್ಕೆ ಬಿಟ್ಟಿರಲಿಲ್ಲ. ಎರಡು ವರ್ಷದಲ್ಲಿ ಮುಕ್ಕಾಲು ವರ್ಣಮಾಲೆ ಮುಗಿದಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ. ಕೇಳಿದವರೂ ಇರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಮುರಾರಿಯವರು ನಿಂತಿದ್ದರು. ಐರೋಲಿಯಲ್ಲಿ ಕಂಪ್ಯೂಟರ್ ಕ್ಲಾಸಿನ ಮೇಡಂ ಎಂದು ಕೇಳುತ್ತ ಬಂದಿದ್ದರಂತೆ. ನಾಗವೇಣಿ ಬನ್ನಿ ಅನ್ನಲಿಲ್ಲ, ಬಾಗಿಲಿನಿಂದ ಸರಿದಳು ಅಷ್ಟೇ. ಅವರು ಟಿವಿಯ ಮೇಲಿನ ಅಕ್ಷರಗಳನ್ನು ಕಂಡು ನಿಂತಲ್ಲೇ ನಿಂತರು.

"ಇದು ಯಾರು ಮಾಡಿದ್ದು ಮಾರಾಯ್ರೆ?"

"ನಾನೇ."

ಅವರು ಬಗ್ಗಿ ನೋಡಿದರು. "ಈ ‘ಣ’ ಸರಿ ಬರ್ಲಿಲ್ಲ."

"ಎಂಟು ಚುಕ್ಕಿಯಾಗ ಅಷ್ಟೇ ಬರ್ತದ. ನಿಮಗ ಬಂದ್ರ ಮಾಡ್ರಿ."

ಅವರು ಸ್ಟೂಲಿನ ಮೇಲೆ ಕೂತರು. ಹೊತ್ತು ಹೋದದ್ದು ತಿಳಿಯದೆ ಚುಕ್ಕಿ ಹಾಕಿ ಅಳಿಸಿದರು. ‘ಣ’ ಮಾಡಲು ಹೋದರೆ ‘ಠ’ ಆಗುತ್ತಿತ್ತು, ಇಲ್ಲವೇ ಏನೂ ಆಗುತ್ತಿರಲಿಲ್ಲ. ನಾಗವೇಣಿ ಚಹಾ ತಂದು ಪಕ್ಕಕ್ಕೆ ಕುಕ್ಕಿದಳು.

"ಒಂದು," ಎಂದರು ಅವರು ಕೊನೆಗೆ. "ಎಪ್ಪತ್ತಕ್ಕೆ ಒಂದು ಸೇರಿಸ್ತೇನೆ. ನಿಮ್ಮನ್ನು."

"ಒಂಬತ್ತು ಕಂಪ್ಯೂಟರು, ನಲವತ್ತು ಹುಡುಗ್ಯಾರು, ಮತ್ತ ಒಂದು?" ಅವಳ ದನಿ ಏರಿತು. "ಹಾಳಿ ಹರಿಯೋದು ಬಟನ್ ಒತ್ತಿದ್ರ. ನಿಮ್ಮ ಎಪ್ಪತ್ತು ಮಂದಿ ಒತ್ತತಾರೇನು? ನಿಮ್ಮದು ಕಡೀಕ್ ಹಚ್ಚಿದ್ದು ಯಾವಾಗ, ಹೇಳ್ರಿ."

ಮುರಾರಿಯವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಎರಡು ವರ್ಷ ಆಗಿರಬಹುದು. ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಕೆಟ್ಟುಹೋದರೆ ಅಂತ ಹೆದರಿಕೆ." ಚಹಾ ಕುಡಿದು, ಏನೋ ಯೋಚಿಸುತ್ತ ಹೋದರು.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಮುಖ ಸಪ್ಪೆಯಾಗಿತ್ತು. ಅವಳ ಪ್ರಶ್ನೆಯನ್ನೇ ಹಿಡಿದುಕೊಂಡು ಅವರು ಬಳಗದ ಒಬ್ಬೊಬ್ಬರನ್ನೂ ವಿಚಾರಿಸಿದ್ದರು. ಡೊಂಬಿವಲಿಯಲ್ಲಿ ಒಬ್ಬರ ಮನೆಯಲ್ಲಿ ಅದು ಅಟ್ಟದ ಮೇಲಿತ್ತು. ಕಲ್ಯಾಣದವರೊಬ್ಬರು ನವರಾತ್ರಿಯಲ್ಲಿ ಕುಂಕುಮ ಹಚ್ಚುತ್ತಾರೆ, ಅಷ್ಟೇ. ಇನ್ನೊಬ್ಬರು ಮಾರಿ ಮೂರು ವರ್ಷವಾಗಿದೆ, ಆದರೂ ಸಭೆಗೆ ಬರುತ್ತಾರೆ. ನಿಜವಾಗಿ ಹಚ್ಚಿ ಬಳಸುವವರು, ನಾಗವೇಣಿಯ ಕ್ಲಾಸನ್ನು ಪೂರಾ ಎಣಿಸಿದರೂ, ಇನ್ನೂರರ ಹತ್ತಿರಕ್ಕೆ ಸುಳಿಯುವ ಹಾಗಿರಲಿಲ್ಲ. ಕ್ಲಾಸನ್ನು ಬಿಟ್ಟರೆ ಇಪ್ಪತ್ತು ಕೂಡ ಕಷ್ಟ. ಅದನ್ನೇ ಅವರು ವ್ಯಾಪಾರಿಗೆ ಹೇಳಿಬಿಟ್ಟಿದ್ದರು. ಹಾಳೆ ಮಾಡಿಸುವ ಮಾತು ಅಲ್ಲಿಗೇ ಮುಗಿದಿತ್ತು.

ನಾಗವೇಣಿ ಹಚ್ಚಿದ್ದ ಟಿವಿಯನ್ನು ಪಟ್ಟನೆ ಆರಿಸಿದಳು.

"ನಾ ಕೂಡಿಸ್ರಿ ಅಂದ್ರ ನೀವು ಕಳದ್ರಿ."

"ಮತ್ತೆ ಸುಳ್ಳು ಸಂಖ್ಯೆ ಕೊಡಬೇಕಿತ್ತಾ?"

"ಕೊಡಬೇಕಿತ್ತು. ನಿಮ್ಮಪ್ಪನ ಗಂಟೇನು ಹೋಗ್ತಿತ್ತು? ಇನ್ನೂರು ಅಂದಿದ್ರ ಹಾಳಿ ಬರ್ತಿದ್ವು. ನಿಮಗ ನಿಮ್ಮ ಲೆಕ್ಕ ಚಂದ ಕಾಣಬೇಕು. ಇಲ್ಲಿ ಹುಡುಗ್ಯಾರು ಒಂದೊಂದು ಬಟನ್ನಿಗಿ ಸರದಿ ಕಾಯ್ತಾರ."

ಮುರಾರಿಯವರ ಮುಖ ಕೆಂಪಾಯಿತು. "ಅವನು ಮಾಡಿಸಿ, ಮಾರಾಟ ಆಗದೆ ಮುಳುಗಿದ್ದರೆ?"

"ಮುಳುಗೋರನ್ನ ನೀವು ಬಾಳ ನೋಡೀರಿ ನೋಡ್ರಿ," ಎಂದು ಅವಳು ಒಳಗೆ ಹೋದಳು. ಒಳಗಿಂದಲೇ ಕೂಗಿ ಹೇಳಿದಳು: "ಕಪಾಟಿನಾಗ ಮಲಗಿದ್ದನ್ನ ತಂದು ಕೊಡ್ರಿ. ಅದರ ಹಾಳಿ ಹಂಗೇ ಅದ."

ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು.

ನಾಲ್ಕು ತಿಂಗಳು ಸುದ್ದಿಯಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಇನ್ನೊಂದು ಕಿರಣ್ ಸತ್ತಿತು. ಮಲ್ಲಿಕಾ ಬಸ್ಸಿನಲ್ಲಿ ಬೈಸಿಕೊಂಡ ಮರುದಿನವೇ ಕ್ಲಾಸಿಗೆ ಬಂದಿದ್ದಳು. ಬರಬೇಡ ಎಂದದ್ದನ್ನು ಇಬ್ಬರೂ ಎತ್ತಲಿಲ್ಲ. ಆಮೇಲೆ ಹೋಳಿಯ ವಾರದಲ್ಲಿ ಮುರಾರಿಯವರು ಆಟೋದಿಂದ ಇಳಿದರು, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಮೇಜಿನ ಮೇಲಿಟ್ಟು, ಬಿಚ್ಚಿ, ಒರೆಸಿ, "ಜಾಗ್ರತೆ" ಎಂದರು. ನಾಗವೇಣಿ ಉಪಕಾರವಾಯಿತು ಎನ್ನಲಿಲ್ಲ. ಹಾಳೆ ಬಿಚ್ಚುವ ಮಾತಾಡಿದ್ದಳಾದರೂ, ಹೊಸದರಂತಿದ್ದ ಅದನ್ನು ಕಂಡು ಮನಸ್ಸು ಬರಲಿಲ್ಲ. ಇಡಿಯಾಗಿಯೇ ಹುಡುಗಿಯರಿಗೆ ಕೊಟ್ಟಳು.

ಮಳೆಗಾಲದ ಹೊತ್ತಿಗೆ ಅವರು ನೋಡಲು ಬಂದರು. ಕ್ಲಾಸು ನಡೆದಿತ್ತು. ಅವರ ಕಿರಣ್ ಮೇಲಿನ ಬಟನ್ನುಗಳ ಅಕ್ಷರ ಅಳಿಸಿಹೋಗಿತ್ತು, ಒಂದು ಮೂಲೆ ಒಡೆದಿತ್ತು, ಸಂದಿಯಲ್ಲಿ ಚುರುಮುರಿಯ ಚೂರು. ಮುರಾರಿಯವರು ಆ ಚೂರನ್ನು ಉಗುರಿನಿಂದ ಕೆದಕಿ ತೆಗೆದರು.

"ಇದನ್ನು ಹೀಗಾ ಇಟ್ಟುಕೊಳ್ಳುವುದು?" ಎಂದರು. ಬಾಚಿದ ಮಾತೆಲ್ಲ ಕೆದರಿತ್ತು. "ಮನುಷ್ಯರಾ ನೀವು? ನಾನು ಮೊದಲ ಸಂಬಳದಲ್ಲಿ ತೆಗೊಂಡದ್ದು ಇದು. ಹೆಂಡತಿಯನ್ನು ಕೂಡ ಮುಟ್ಟಲಿಕ್ಕೆ ಬಿಟ್ಟವನಲ್ಲ. ಮೂರು ತಿಂಗಳಲ್ಲಿ ಕಸ ಮಾಡಿದ್ದೀರಿ." ಹುಡುಗಿಯರು ಬಟನ್ನುಗಳಿಂದ ಕೈ ತೆಗೆದರು. ಅವರು ಬೈಯುತ್ತಲೇ ಹೋದರು, ನಡುನಡುವೆ ತುಳುವಿನಲ್ಲೂ.

ಈ ಮನುಷ್ಯನಿಗೆ ಆ ಡಬ್ಬಿಯ ಮೇಲೆ ನಿಜವಾಗಿಯೂ ಜೀವವಿದೆ ಎಂದು ನಾಗವೇಣಿಗೆ ಆವತ್ತು ಗೊತ್ತಾಯಿತು. ಅದನ್ನು ಅವಳು ಬಲ್ಲಳು. ಅಷ್ಟು ಸಿಟ್ಟು ಬೇರೆ ಯಾವುದರಿಂದಲೂ ಬರುವುದಿಲ್ಲ. ಅವರು ಸುಸ್ತಾಗಿ ನಿಂತ ಮೇಲೆ ಸ್ಟೂಲು ಸರಿಸಿದಳು. "ಕೂಡ್ರಿ. ‘ಣ’ ಬಂದದ ಈಗ. ನೋಡ್ರಿ."

ಅವರು ಕೂರಲಿಲ್ಲ. ಆದರೆ ಬಗ್ಗಿ ನೋಡಿದರು.

ಮಲ್ಲಿಕಾಳಿಗೆ ತೊಂಬತ್ತೆಂಟರಲ್ಲಿ ಮಹಾಪೆಯ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿತು. ಅಸಲೀ ಪಿಸಿಯ ಮೇಲೆ. ಬೆರಳು ಓಡುವುದು ನೋಡಿ ಎಲ್ಲಿ ಕಲಿತೆ ಎಂದು ಕೇಳಿದರಂತೆ. ಇನ್‌ಸ್ಟಿಟ್ಯೂಟ್ ಎಂದಷ್ಟೇ ಹೇಳಿದೆ ಎಂದು ಅವಳು ಬಂದು ಒಪ್ಪಿಕೊಂಡಾಗ ನಾಗವೇಣಿ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟಳು. ಮರುವರ್ಷ ನಾಗವೇಣಿಯೇ ಸೆಕೆಂಡ್ ಹ್ಯಾಂಡ್ ಪಿಸಿ ಒಂದನ್ನು ತಂದು ಖೋಲಿಯ ನಡುವೆ ಇಟ್ಟಳು. ಹುಡುಗಿಯರೆಲ್ಲ ಅದರ ಸುತ್ತ ಸೇರಿದರು. ಕಿರಣ್‌ಗಳಲ್ಲಿ ಎರಡು ಉಳಿದಿದ್ದವು. ಮಧ್ಯಾಹ್ನ ಅವಳು ಅವುಗಳಲ್ಲೊಂದರ ಮುಂದೆ ಕೂತು ಒತ್ತಕ್ಷರ ಮಾಡತೊಡಗಿದಳು.

ಮುರಾರಿಯವರು ಎಣಿಕೆ ಬಿಡಲಿಲ್ಲ. ವರ್ಷಕ್ಕೊಮ್ಮೆ ಪಕ್ಕದ ಕಿರಾಣಿಯವನ ಫೋನಿಗೆ ಫೋನು ಮಾಡಿ, ಈ ವರ್ಷ ಬಳಸುತ್ತಿದ್ದೀರಾ ಎಂದು ಕೇಳುತ್ತಿದ್ದರು.

"ಬಂದು ನೋಡ್ರಿ," ಎಂದು ಅವಳು ಫೋನು ಇಡುತ್ತಿದ್ದಳು.